ನೆದರ್ಲ್ಯಾಂಡ್ಸ್‌ನ ಹಿರಿಯರ ಪಕ್ಷಕ್ಕೆ ಮತ್ತೆ ಎರಡು ಸ್ಥಾನ: ಪಿಂಚಣಿದಾರರಿಗೆ ತಮ್ಮದೇ ಪಕ್ಷ ಬೇಕೇ?

ಐಂಡ್‌ಹೋವನ್‌ನಿಂದ | 2025 ನವೆಂಬರ್ 2, ಬೆಳಿಗ್ಗೆ 10.15

ಕಳೆದ ಬುಧವಾರ, ಅಕ್ಟೋಬರ್ 29ರಂದು, ಇಲ್ಲಿ ಸಂಸತ್ತಿನ ಕೆಳಮನೆಗೆ ಚುನಾವಣೆ ನಡೆಯಿತು. ಮುಂದಿನ ಪ್ರಧಾನಿ ಯಾರು ಎಂಬ ಮಾತೇ ಎಲ್ಲೆಡೆ. ನನ್ನ ಕಣ್ಣು ಮಾತ್ರ ಫಲಿತಾಂಶದ ಪಟ್ಟಿಯ ಕೆಳತುದಿಗೆ ಹೋಯಿತು. ಎರಡು ವರ್ಷಗಳ ಹಿಂದೆ ಒಂದೂ ಸ್ಥಾನವಿಲ್ಲದೆ ಹೊರಬಿದ್ದಿದ್ದ 50ಪ್ಲಸ್ ಎಂಬ ಪುಟ್ಟ ಪಕ್ಷ 150ರಲ್ಲಿ 2 ಸ್ಥಾನ ಗೆದ್ದು ಮರಳಿ ಬಂದಿದೆ. ಇದು ಹಿರಿಯರಿಗಾಗಿ, ಮುಖ್ಯವಾಗಿ ಪಿಂಚಣಿದಾರರಿಗಾಗಿ ಕಟ್ಟಿದ ಪಕ್ಷ. ಪೊಲೀಸ್ ನೌಕರರ ಸಂಘವನ್ನು ಮುನ್ನಡೆಸಿದ್ದ ಯಾನ್ ಸ್ಟ್ರಾಯ್ಸ್ ಈಗ ಇದರ ಮುಂದಾಳು.

ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ. ಈ ಪಕ್ಷ ಬೆಳೆಯುವುದು, ಒಡೆಯುವುದು, ಅಳಿಯುವುದು, ಮತ್ತೆ ಚಿಗುರುವುದು ಎಲ್ಲವನ್ನೂ ನೋಡಿದ್ದೇನೆ. ಇಂಥದ್ದು ಇಲ್ಲಿ ಮೊದಲೂ ನಡೆದಿತ್ತು ಎಂಬುದು ಅನಂತರ ತಿಳಿಯಿತು. 1993ರ ಕೊನೆಯಲ್ಲಿ ನಾನಿರುವ ಇದೇ ಐಂಡ್‌ಹೋವನ್‌ನಲ್ಲಿ ಮಾರ್ಟಿನ್ ಬಾಟೆನ್‌ಬರ್ಗ್ ಎಂಬ ಹಿರಿಯರು ಎಒವಿ ಎಂಬ ಹಿರಿಯರ ಒಕ್ಕೂಟವನ್ನು ಆರಂಭಿಸಿದರು. ಆರು ತಿಂಗಳೂ ತುಂಬಿರಲಿಲ್ಲ. 1994ರ ಮೇ ಚುನಾವಣೆಯಲ್ಲಿ ಅದಕ್ಕೆ 6 ಸ್ಥಾನ ಬಂದವು. 55 ದಾಟಿದವರ ಇನ್ನೊಂದು ಪಕ್ಷ 1 ಸ್ಥಾನ ಪಡೆಯಿತು. ಏಳು ಜನ ಹಿರಿಯರ ಪ್ರತಿನಿಧಿಗಳು ಸಂಸತ್ತಿನಲ್ಲಿ!

ಅದಕ್ಕೆ ಮುಖ್ಯ ಕಾರಣವಾದದ್ದು ಒಂದು ಪ್ರಸ್ತಾವ. ಆಗ ಅಧಿಕಾರದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟರು ಮೂಲ ಪಿಂಚಣಿಯನ್ನು ನಾಲ್ಕು ವರ್ಷ ಏರಿಸದೆ ಇದ್ದಲ್ಲೇ ನಿಲ್ಲಿಸುವ ವಿಚಾರವನ್ನು ಮುಂದಿಟ್ಟಿದ್ದರು. ಮುದುಕರು ತಿರುಗಿಬಿದ್ದರು. ಆ ಪಕ್ಷ 54 ಸ್ಥಾನಗಳಿಂದ 34ಕ್ಕೆ ಕುಸಿಯಿತು. 1918ರ ನಂತರ ಮೊದಲ ಬಾರಿಗೆ ಅವರಿಲ್ಲದ ಸರ್ಕಾರ ಬಂದಿತು.

ಈ ಪುಟ ಓದುವ ಹಿರಿಯರನ್ನು ಕೇಳಬೇಕೆನಿಸಿತು: ನಿಮಗೂ ಇಂಥ ಒಂದು ಪಕ್ಷ ಬೇಕೆನಿಸಿದೆಯೇ?

ನಿವೃತ್ತ ಉಪನ್ಯಾಸಕಿ, ಮೈಸೂರು | ನ. 2, ಬೆಳಿಗ್ಗೆ 11.50

ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಈ ವಿಷಯ ಕಂಡರೆ ಸುಮ್ಮನಿರಲಾಗದು.

ಆ ಏಳು ಜನರ ಕಥೆಯ ಉಳಿದರ್ಧವನ್ನೂ ಹೇಳಬೇಕಲ್ಲವೇ? ಎಒವಿಯ ಆರು ಜನ ಎರಡು ವರ್ಷ ತುಂಬುವ ಮೊದಲೇ ಚೂರುಚೂರಾದರು. ಪಟ್ಟಿಯ ಮೊದಲ ಹೆಸರಾಗಿ ಗೆದ್ದಿದ್ದ ಯೆಟ್ ನೈಪೆಲ್ಸ್ ಅವರೇ ಹೊರನಡೆದು ಬೇರೆ ಗುಂಪು ಮಾಡಿಕೊಂಡರು. 1998ರಲ್ಲಿ ಹಿರಿಯರ ಪಕ್ಷಗಳಿಗೆ ಒಂದು ಸ್ಥಾನವೂ ಉಳಿಯಲಿಲ್ಲ.

50ಪ್ಲಸ್ ಅದೇ ದಾರಿ ಹಿಡಿಯಿತು. ಲೇಬರ್ ಪಕ್ಷದಿಂದ ಬಂದ ಹಳೆಯ ಹುಲಿ ಯಾನ್ ನಾಗಲ್ ಕಟ್ಟಿದ ಪಕ್ಷ ಅದು. 2012ರಲ್ಲಿ 2 ಸ್ಥಾನ. ಮರುವರ್ಷವೇ ಅದರ ನಾಯಕ ಹೆಂಕ್ ಕ್ರೋಲ್ ರಾಜೀನಾಮೆ ಕೊಡಬೇಕಾಯಿತು. ಹಿಂದೆ ಪತ್ರಿಕೆಯೊಂದರ ಪ್ರಕಾಶಕರಾಗಿದ್ದಾಗ ತಮ್ಮ ನೌಕರರ ಪಿಂಚಣಿ ವಂತಿಗೆಯನ್ನು ಅವರು ಕಟ್ಟಿರಲಿಲ್ಲ ಎಂಬುದು ಬಯಲಾಯಿತು. ಪಿಂಚಣಿದಾರರ ಪಕ್ಷದ ನಾಯಕನ ಮೇಲೆ ಇದಕ್ಕಿಂತ ದೊಡ್ಡ ಆರೋಪ ಇನ್ನೇನು ಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಉಳಿದ ಇಬ್ಬರು 2014ರಲ್ಲಿ ತಮ್ಮತಮ್ಮಲ್ಲೇ ಕಿತ್ತಾಡಿ ಬೇರೆಯಾದರು. 2017ರಲ್ಲಿ ಕ್ರೋಲ್ ಮುಂದಾಳತ್ವದಲ್ಲೇ 4 ಸ್ಥಾನ ಬಂದವು. 2020ರಲ್ಲಿ ಅವರೇ ಪಕ್ಷ ಬಿಟ್ಟರು. 2021ರಲ್ಲಿ ಗೆದ್ದ ಒಬ್ಬರೇ ಒಬ್ಬರು ಲಿಯಾನ್ ಡೆನ್ ಹಾನ್. ಅವರು ಎರಡು ತಿಂಗಳೂ ಕಳೆಯುವ ಮೊದಲೇ ಪಕ್ಷ ತೊರೆದು ಸ್ವತಂತ್ರರಾಗಿ ಕುಳಿತರು.

ಒಂದೇ ಸ್ಥಾನವಿದ್ದ ಪಕ್ಷವೂ ಒಡೆಯಿತು ಎಂದರೆ, ಅಲ್ಲಿ ಒಗ್ಗೂಡಿಸುವಂಥದ್ದು ಏನೂ ಇರಲಿಲ್ಲ ಎಂದೇ ಅರ್ಥ. ವಯಸ್ಸು ಒಂದು ಸಿದ್ಧಾಂತವಲ್ಲ. ಎಪ್ಪತ್ತು ವರ್ಷದ ಭೂಮಾಲೀಕನಿಗೂ ಎಪ್ಪತ್ತು ವರ್ಷದ ಕೂಲಿಯವಳಿಗೂ ಮಂಡಿನೋವು ಒಂದೇ ಇರಬಹುದು, ಹಿತಾಸಕ್ತಿ ಒಂದೇ ಅಲ್ಲ.

ಲೆಕ್ಕಿಗ | ನ. 2, ಮಧ್ಯಾಹ್ನ 1.05

ಮೇಡಂ ಹೇಳಿದ್ದು ಸರಿ. ಆದರೆ ಇಷ್ಟು ಸಣ್ಣ ಪಕ್ಷ ಅಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡೋಣ.

ಡಚ್ ಕೆಳಮನೆಗೆ ಇಡೀ ದೇಶವೇ ಒಂದು ಕ್ಷೇತ್ರದಂತೆ. ಒಟ್ಟು ಮತಗಳನ್ನು 150ರಿಂದ ಭಾಗಿಸಿದರೆ ಬರುವಷ್ಟು ಮತ, ಅಂದರೆ ಸುಮಾರು ಶೇ 0.67, ಸಿಕ್ಕರೆ ಒಂದು ಸ್ಥಾನ. ಇಷ್ಟು ಮತ ಬರಲೇಬೇಕು ಎಂಬ ಬೇರೆ ಹೊಸ್ತಿಲು ಇಲ್ಲ. 50ಪ್ಲಸ್‌ಗೆ 2012ರಲ್ಲಿ ಸಿಕ್ಕಿದ್ದು ಸುಮಾರು 1.77 ಲಕ್ಷ ಮತ, 2 ಸ್ಥಾನ. 2017ರಲ್ಲಿ ಸುಮಾರು 3.27 ಲಕ್ಷ, 4 ಸ್ಥಾನ. 2021ರಲ್ಲಿ ಸುಮಾರು 1.07 ಲಕ್ಷ, 1 ಸ್ಥಾನ.

ಈಗ ಅದೇ 1.77 ಲಕ್ಷ ಮತಗಳನ್ನು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿ. ಒಂದೊಂದರಲ್ಲಿ ಆರು ಸಾವಿರದ ಮುನ್ನೂರು ಚಿಲ್ಲರೆ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತದೆ. 21 ಸಾಮಾನ್ಯ ಕ್ಷೇತ್ರಗಳಿಗೆ ತಲಾ 25,000, 7 ಮೀಸಲು ಕ್ಷೇತ್ರಗಳಿಗೆ ತಲಾ 12,500ದಂತೆ ಆರು ಲಕ್ಷಕ್ಕೂ ಹೆಚ್ಚು ರೂಪಾಯಿ ಠೇವಣಿ ಕಳೆದುಕೊಂಡು ಮನೆಗೆ ಬರಬೇಕು. ಅಲ್ಲಿ ಅಷ್ಟೇ ಜನ ಇಬ್ಬರನ್ನು ಸಂಸತ್ತಿಗೆ ಕಳುಹಿಸಿದರು. ನಮ್ಮ ಹಿರಿಯರಿಗೆ ಒಗ್ಗಟ್ಟಿಲ್ಲ ಎಂದು ಬೈಯುವ ಮೊದಲು ಈ ವ್ಯತ್ಯಾಸ ನೆನಪಿರಲಿ.

ಇನ್ನೊಂದು ಲೆಕ್ಕವೂ ಇದೆ. ಆ ದೇಶದ ಜನಸಂಖ್ಯೆ ಸುಮಾರು 1.8 ಕೋಟಿ. ಐವರಲ್ಲಿ ಒಬ್ಬರು 65 ದಾಟಿದವರು. ಅವರೆಲ್ಲರೂ ವಯಸ್ಸು ನೋಡಿಯೇ ಮತ ಹಾಕಿದ್ದರೆ ಆ ಪಕ್ಷಕ್ಕೆ 30 ಸ್ಥಾನಗಳಿಗೂ ಹೆಚ್ಚು ಬರಬೇಕಿತ್ತು. ಅತಿ ಹೆಚ್ಚು ಬಂದದ್ದು ನಾಲ್ಕು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಿರಿಯರು ಬೇರೆ ಪಕ್ಷಗಳಿಗೇ ಮತ ಹಾಕಿದ್ದಾರೆ.

ಗಿರಣಿ ಕಾರ್ಮಿಕ, ದಾವಣಗೆರೆ | ನ. 2, ಸಂಜೆ 6.30

ನಮಸ್ಕಾರ. ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ನಾನು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದವನು. ಗಿರಣಿ ಮುಚ್ಚಿತು. ಈಗ ಇಪಿಎಸ್-95 ಎಂಬ ನೌಕರರ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ನನಗೆ ಬರುವುದು ಕನಿಷ್ಠ ಪಿಂಚಣಿ, ತಿಂಗಳಿಗೆ 1,000 ರೂಪಾಯಿ. 2014ರ ಸೆಪ್ಟೆಂಬರ್‌ನಲ್ಲಿ ಸಾವಿರ ಮಾಡಿದರು, ಅಂದಿನಿಂದ ಇಂದಿನವರೆಗೆ ಅಷ್ಟೇ. ಅಕ್ಕಿಯ ಬೆಲೆ ಏರಿದೆ, ಔಷಧಿಯ ಬೆಲೆ ಏರಿದೆ, ಬಾಡಿಗೆ ಏರಿದೆ. ಸಾವಿರ ಮಾತ್ರ ಸಾವಿರವಾಗಿಯೇ ಕುಳಿತಿದೆ.

ಆ ದೇಶದಲ್ಲಿ ನಾಲ್ಕು ವರ್ಷ ಏರಿಸುವುದಿಲ್ಲ ಎಂದದ್ದಕ್ಕೆ ಸರ್ಕಾರವೇ ಬದಲಾಯಿತು ಎಂದಿರಿ. ಹನ್ನೊಂದು ವರ್ಷಗಳಿಂದ ಏರದ ಪಿಂಚಣಿ ಪಡೆಯುವ ನಮ್ಮ ಕಡೆ ಯಾರು ತಿರುಗಿ ನೋಡಿದರು? ಒಡೆದರೆ ಒಡೆಯಲಿ ಅಮ್ಮಾ, ಒಡೆಯುವುದಕ್ಕಾದರೂ ಒಂದು ಪಕ್ಷ ಇರಲಿ.

ನೀವು ಉಪನ್ಯಾಸಕಿಯಾಗಿದ್ದವರು, ನಿಮಗೆ ಹಳೆಯ ಪಿಂಚಣಿ ಇದ್ದೀತು. ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ. ತಪ್ಪು ತಿಳಿಯಬೇಡಿ.

ನಿವೃತ್ತ ಉಪನ್ಯಾಸಕಿ, ಮೈಸೂರು | ನ. 2, ಸಂಜೆ 7.10

ತಪ್ಪು ತಿಳಿಯಲಿಲ್ಲ, ಯಜಮಾನರೇ. ನೀವು ಹೇಳಿದ್ದು ನಿಜ. ನನಗೆ ಬರುವುದು ಹಳೆಯ ಪಿಂಚಣಿ, ತುಟ್ಟಿಭತ್ಯೆ ಸಹಿತ. ಬೆಳಿಗ್ಗೆ ನಾನು ವಯಸ್ಸು ಸಿದ್ಧಾಂತವಲ್ಲ ಎಂದು ಬರೆದಾಗ ನನ್ನ ಕಣ್ಣ ಮುಂದೆ ಇದ್ದದ್ದು ಡಚ್ಚರು. ನೀವು ಅದನ್ನು ನಮ್ಮಿಬ್ಬರ ನಡುವೆ ತಂದಿಟ್ಟಿರಿ.

ಕೊಪ್ಪಳದ ನೌಕರ | ನ. 2, ರಾತ್ರಿ 8.45

ಇಬ್ಬರ ನಡುವೆ ಇನ್ನೊಂದು ಪಂಕ್ತಿಯೂ ಇದೆ, ಮೇಡಂ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದ ನನ್ನಂಥವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿಯಲ್ಲಿದ್ದೇವೆ. ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಆ ಬದಿ ಈ ಬದಿ ಕುಳಿತು, ಒಂದೇ ಕಡತ ನೋಡುವ ಇಬ್ಬರಲ್ಲಿ ಒಬ್ಬರಿಗೆ ಕೊನೆಯ ಸಂಬಳದ ಅರ್ಧ ಖಾತ್ರಿ, ಇನ್ನೊಬ್ಬರಿಗೆ ಮಾರುಕಟ್ಟೆ ಕೊಟ್ಟಷ್ಟು. ಸೇರಿದ ದಿನಾಂಕವೊಂದೇ ವ್ಯತ್ಯಾಸ. ಇಂಥ ತಾರತಮ್ಯವನ್ನೇ ಹಿಡಿದು ಎಲ್ಲಾದರೂ ಪಕ್ಷ ಕಟ್ಟಿದ್ದುಂಟೇ?

ನಿವೃತ್ತ ಉಪನ್ಯಾಸಕಿ, ಮೈಸೂರು | ನ. 2, ರಾತ್ರಿ 9.30

ಉಂಟು. ನೆದರ್ಲ್ಯಾಂಡ್ಸ್‌ಗೆ ಹತ್ತಿರದಲ್ಲೇ ಇದೆ, ಲಕ್ಸೆಂಬರ್ಗ್. ಅಲ್ಲಿ ಸರ್ಕಾರಿ ನೌಕರರಿಗೆ ಕೊನೆಯ ಸಂಬಳದ ಆರನೇ ಐದು ಭಾಗ ಪಿಂಚಣಿ ಸಿಗುತ್ತಿತ್ತು. ಖಾಸಗಿ ವಲಯದಲ್ಲಿ ದುಡಿದವರಿಗೆ ಅದು ಇರಲಿಲ್ಲ. 1987ರಲ್ಲಿ ಒಂದು ಕ್ರಿಯಾ ಸಮಿತಿ ಹುಟ್ಟಿತು. ಹೆಸರೇ ಬೇಡಿಕೆ: ಎಲ್ಲರಿಗೂ ಆರನೇ ಐದು ಪಿಂಚಣಿ. 1989ರಲ್ಲಿ ಅವರು 60 ಸ್ಥಾನಗಳ ಸಂಸತ್ತಿನಲ್ಲಿ 4 ಗೆದ್ದರು, 1999ರಲ್ಲಿ 7.

ಸಮಾನತೆ ಬಂದಿತು ಕೂಡ. ಹೇಗೆ ಬಂದಿತೆಂದರೆ, 1998ರ ಕಾನೂನಿನ ಮೂಲಕ ಮುಂದೆ ಸೇರುವ ಸರ್ಕಾರಿ ನೌಕರರ ಪಿಂಚಣಿಯನ್ನೇ ಖಾಸಗಿಯವರ ಸಮಕ್ಕೆ ತಂದರು. ಕೆಳಗಿದ್ದವರನ್ನು ಆರನೇ ಐದಕ್ಕೆ ಏರಿಸಲಿಲ್ಲ. ಮೇಲಿದ್ದವರ ಮಕ್ಕಳು ಕೆಳಗೆ ಇಳಿದರು. ಆ ಪಕ್ಷ ಈಗಲೂ ಇದೆ, 2023ರಲ್ಲಿ 5 ಸ್ಥಾನ ಪಡೆಯಿತು. ಆದರೆ ಅದು ಪಿಂಚಣಿದಾರರ ಪಕ್ಷವಾಗಿ ಉಳಿದಿಲ್ಲ. ಲಕ್ಸೆಂಬರ್ಗ್ ಭಾಷೆ, ರಾಷ್ಟ್ರೀಯತೆ ಅದರ ಈಗಿನ ಮಾತು.

ಕೊಪ್ಪಳದ ನೌಕರ | ನ. 2, ರಾತ್ರಿ 9.42

ಇದನ್ನು ಓದಿ ಎದೆ ಭಾರವಾಯಿತು. ನಾವು ಹೋರಾಟಕ್ಕೆ ಇಳಿದಾಗಲೆಲ್ಲ ಕೇಳಿಬರುವ ಮಾತು ಇದೇ: ದಿನಗೂಲಿಯವರಿಗೆ ಏನೂ ಇಲ್ಲ, ನಿಮಗೇಕೆ ಇಷ್ಟು? ಗಿರಣಿಯ ಹಿರಿಯರಿಗೆ ಸಾವಿರ ಸಾಲದು ಎಂದು ಕೂಗಬೇಕಾದ ಬಾಯಿ, ನನಗೆ ಬರುವುದು ಹೆಚ್ಚಾಯಿತು ಎಂದು ಕೂಗುತ್ತದೆ.

ಹೇಗ್ ವಾಸಿ | ನ. 3, ಬೆಳಗಿನ 1.20

ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ. ನಾನು ನೆದರ್ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ವೃದ್ಧರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸದಲ್ಲಿದ್ದೇನೆ. ಪಕ್ಷದ ಜಗಳಕ್ಕಿಂತ ಪಿಂಚಣಿಯ ಒಳಗುಟ್ಟನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಇಲ್ಲಿ ಪಿಂಚಣಿಗೆ ಮುಖ್ಯವಾಗಿ ಎರಡು ಮೆಟ್ಟಿಲು. ಮೊದಲನೆಯದು ಎಒಡಬ್ಲ್ಯು, ಸರ್ಕಾರ ಎಲ್ಲರಿಗೂ ಕೊಡುವ ಮೂಲ ಪಿಂಚಣಿ, 1957ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು, 1947ರಲ್ಲಿ, ವಿಲ್ಲೆಮ್ ಡ್ರೇಸ್ ಎಂಬ ಮಂತ್ರಿ ತುರ್ತು ಕಾನೂನು ತಂದು ವೃದ್ಧರಿಗೆ ಹಣ ಕೊಡಲು ಆರಂಭಿಸಿದ್ದರು. ನಾನು ಆರೈಕೆ ಮಾಡುವ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಇಂದಿಗೂ ಪಿಂಚಣಿ ಬಂದಿತು ಎನ್ನುವುದಿಲ್ಲ, ‘ಡ್ರೇಸ್‌ನಿಂದ ಬಂದಿತು’ ಎನ್ನುತ್ತಾರೆ. ಆ ಕಾಲದವರ ಬಾಯಲ್ಲಿ ಅದು ರೂಢಿಯ ಮಾತು. ಒಂಟಿಯಾಗಿರುವವರಿಗೆ ಕನಿಷ್ಠ ವೇತನದ ನಿವ್ವಳದ ಶೇ 70, ಜೋಡಿಯಾಗಿದ್ದರೆ ತಲಾ ಶೇ 50. ಕನಿಷ್ಠ ವೇತನ ಏರಿದರೆ ಇದೂ ಏರಬೇಕು. 1994ರಲ್ಲಿ ಕೈ ಹಾಕಲು ಹೋಗಿದ್ದು ಈ ನಂಟಿಗೆ.

ಎರಡನೆಯದು ಕೆಲಸ ಮಾಡಿದ ವಲಯದ ಪಿಂಚಣಿ ನಿಧಿ. ಶಿಕ್ಷಕರು ಮತ್ತು ಸರ್ಕಾರಿ ನೌಕರರಿಗೆ ಎಬಿಪಿ, ನನ್ನಂಥ ಆರೈಕೆಯವರಿಗೆ ಬೇರೆ. ಈ ನಿಧಿಗಳಲ್ಲಿ ಒಟ್ಟು ಲಕ್ಷ ಕೋಟಿ ಯೂರೋಗಳಿಗೂ ಹೆಚ್ಚು ಹಣವಿದೆ. ಆದರೆ 2008ರ ಆರ್ಥಿಕ ಕುಸಿತದ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅನೇಕ ನಿಧಿಗಳು ಪಿಂಚಣಿಯನ್ನು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸಲಿಲ್ಲ. 2013ರಲ್ಲಿ ಎಬಿಪಿ ಶೇ 0.5ರಷ್ಟು ಕಡಿತವನ್ನೇ ಮಾಡಿತು. ಕಾರಣ ಬಡ್ಡಿದರ. ಮುಂದೆ ಕೊಡಬೇಕಾದ ಪಿಂಚಣಿಗೆ ಇಂದು ಎಷ್ಟು ಹಣ ಕೈಯಲ್ಲಿರಬೇಕು ಎಂದು ಅಳೆಯುವುದು ಮಾರುಕಟ್ಟೆಯ ಬಡ್ಡಿದರದಿಂದ. ಬಡ್ಡಿ ಸೊನ್ನೆಯ ಹತ್ತಿರ ಬಂದಾಗ ಎಷ್ಟು ಹಣವಿದ್ದರೂ ಸಾಲದು ಎಂದೇ ಲೆಕ್ಕ ಬಂದಿತು. ನನ್ನ ಅಜ್ಜ ಉತ್ತರ ಕರ್ನಾಟಕದ ರೈತ. ಅವರಿಗೆ ಇದನ್ನು ಹೇಳುವುದಾದರೆ ಹೀಗೆ ಹೇಳುತ್ತಿದ್ದೆ: ಹಗೇವು ತುಂಬ ಜೋಳವಿದೆ, ಬಾಯಿ ತೆರೆಯಲು ಅಪ್ಪಣೆ ಇಲ್ಲ.

50ಪ್ಲಸ್ ಗೆದ್ದದ್ದು ಈ ಸಿಟ್ಟಿನ ಮೇಲೆ. 2012ರಲ್ಲಿ ಇನ್ನೊಂದು ಕಾರಣವೂ ಸೇರಿತು. ಆ ವರ್ಷವೇ ಪಿಂಚಣಿಯ ವಯಸ್ಸನ್ನು 65ರಿಂದ ಮೇಲಕ್ಕೆ ಏರಿಸುವ ಕಾನೂನು ಬಂದಿತು. ಈಗ ಅದು 67, 2028ರಲ್ಲಿ 67 ವರ್ಷ 3 ತಿಂಗಳು.

ಲೆಕ್ಕಿಗ | ನ. 3, ಬೆಳಿಗ್ಗೆ 9.00

ಅಕ್ಕ, ಹಗೇವಿನ ಹೋಲಿಕೆ ನನ್ನ ವೃತ್ತಿಯವರ ನೂರು ಪುಟದ ವರದಿಗಿಂತ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ಬಡ್ಡಿದರ ಏರಿದ ಕೂಡಲೇ ಬೀಗ ತೆರೆಯಿತು: 2023ರ ಜನವರಿಯಲ್ಲಿ ಎಬಿಪಿ ಶೇ 11.96ರಷ್ಟು ಏರಿಸಿತು. ಅದೇ ವರ್ಷ ನವೆಂಬರ್‌ನ ಚುನಾವಣೆಯಲ್ಲಿ 50ಪ್ಲಸ್ ಸೊನ್ನೆಗೆ ಇಳಿಯಿತು. ಒಳಜಗಳವೇ ಎಲ್ಲಕ್ಕೂ ಕಾರಣ ಎಂದು ನಾನು ಒಪ್ಪುವುದಿಲ್ಲ. ಹೊಟ್ಟೆಯ ಸಿಟ್ಟು ಸ್ವಲ್ಪ ತಣಿದಿತ್ತು ಎಂಬುದು ನನ್ನ ಊಹೆ.

ಏರಿ ಕುಸಿಯುವುದು ಹಿರಿಯರ ಪಕ್ಷಗಳಿಗೇ ಅಂಟಿದ ರೋಗವೂ ಅಲ್ಲ. ಎನ್‌ಎಸ್‌ಸಿ ಎಂಬ ಹೊಸ ಪಕ್ಷ 2023ರಲ್ಲಿ ಒಮ್ಮೆಗೇ 20 ಸ್ಥಾನ ಗೆದ್ದಿತು. ಮೊನ್ನೆ ಬುಧವಾರ ಅದಕ್ಕೆ ಒಂದೂ ಇಲ್ಲ.

ಐಂಡ್‌ಹೋವನ್‌ನಿಂದ | ನ. 3, ಮಧ್ಯಾಹ್ನ 12.40

ಲೆಕ್ಕಿಗರ ಮಾತಿನಿಂದ ಒಂದು ಎಳೆ ಹಿಡಿಯುತ್ತೇನೆ. ನನಗೆ ಬಹಳ ದಿನಗಳಿಂದ ಕಾಡುತ್ತಿರುವ ವಿಷಯ ಇದೇ.

2023ರ ಜುಲೈ 1ರಿಂದ ಇಲ್ಲಿ ಹೊಸ ಪಿಂಚಣಿ ಕಾನೂನು ಜಾರಿಗೆ ಬಂದಿದೆ. ಎಲ್ಲ ನಿಧಿಗಳೂ 2028ರ ಜನವರಿ 1ರೊಳಗೆ ಹೊಸ ಪದ್ಧತಿಗೆ ಹೋಗಬೇಕು. ಇಷ್ಟು ಎಂದು ಮಾತು ಕೊಟ್ಟ ಪಿಂಚಣಿ ಹೋಗಿ, ಹೂಡಿಕೆಯ ಗಳಿಕೆಗೆ ತಕ್ಕಂತೆ ಏರಿಳಿಯುವ ಪಿಂಚಣಿ ಬರುತ್ತಿದೆ. ಕೊಪ್ಪಳದ ಗೆಳೆಯರಿಗೆ ಇದು ಎಲ್ಲಿಯೋ ಕೇಳಿದ ಹಾಗಿದ್ದೀತು. ಹಳೆಯ ಹಣವನ್ನು ಹೊಸದಕ್ಕೆ ವರ್ಗಾಯಿಸುವ ಮೊದಲು ಸದಸ್ಯರ ಒಪ್ಪಿಗೆ ಕೇಳಬೇಕು ಎಂಬ ತಿದ್ದುಪಡಿಯನ್ನು ಈ ವರ್ಷ ಎನ್‌ಎಸ್‌ಸಿ ತಂದಿತು. ಬಿದ್ದುಹೋಯಿತು. ಲಕ್ಷಾಂತರ ಮುದುಕರ ಜೀವಮಾನದ ಉಳಿತಾಯದ ಬಗ್ಗೆ ಆ ಚರ್ಚೆ ನಡೆಯುವಾಗ ಕೆಳಮನೆಯಲ್ಲಿ ಹಿರಿಯರ ಪಕ್ಷದ ಒಬ್ಬನೂ ಇರಲಿಲ್ಲ.

ಮೇಡಂ, ಅವರ ಒಳಜಗಳದ ನಿಜವಾದ ಬೆಲೆ ಅದು ಎಂದು ನನಗೆ ಅನಿಸುತ್ತದೆ. ಬೇಕಾದ ದಿನ ಅವರು ಅಲ್ಲಿರಲಿಲ್ಲ. ಅಂಥ ಪಕ್ಷ ಸಣ್ಣದಿರಲಿ, ದೊಡ್ಡವರ ಮೈಯಲ್ಲಿ ಒಂದಿಷ್ಟು ಅಂಜಿಕೆ ಉಳಿಸಿದರೆ ಸಾಕು. 1994ರಲ್ಲಿ ಮಾಡಿದ್ದು ಅದೇ. ಆದರೆ ಅಂಜಿಕೆ ಉಳಿಯಬೇಕಾದರೆ ಪಕ್ಷವೂ ಉಳಿಯಬೇಕು.

ನಿವೃತ್ತ ಉಪನ್ಯಾಸಕಿ, ಮೈಸೂರು | ನ. 3, ಸಂಜೆ 4.15

ಉಳಿದ ಪಕ್ಷವೊಂದರ ಉದಾಹರಣೆ ಕೊಡುತ್ತೇನೆ, ನೀವೇ ತೂಗಿ ನೋಡಿ.

ಸ್ಲೊವೇನಿಯಾದ ದೆಸೂಸ್ 1991ರಲ್ಲಿ ಹುಟ್ಟಿದ ಪಿಂಚಣಿದಾರರ ಪಕ್ಷ. 1996ರಿಂದ 2022ರವರೆಗೆ ಸತತವಾಗಿ ಸಂಸತ್ತಿನಲ್ಲಿತ್ತು. ಎಡದವರ ಸರ್ಕಾರವಿರಲಿ, ಬಲದವರದಿರಲಿ, ಬಹುಪಾಲು ಎಲ್ಲದರಲ್ಲೂ ಪಾಲುದಾರ. ಅದರ ನಾಯಕ ಕಾರ್ಲ್ ಎರ್ಯಾವೆತ್ಸ್ ರಕ್ಷಣೆ, ಪರಿಸರ, ವಿದೇಶಾಂಗ ಖಾತೆಗಳನ್ನೆಲ್ಲ ನೋಡಿದರು. 2014ರಲ್ಲಿ 90ರಲ್ಲಿ 10 ಸ್ಥಾನ ಪಡೆಯಿತು. ಪಿಂಚಣಿದಾರರ ಪಕ್ಷಕ್ಕೆ ಅದು ಚಿಕ್ಕ ಮಾತಲ್ಲ.

2011ರಲ್ಲಿ ಬೋರುತ್ ಪಹೋರ್ ಸರ್ಕಾರ ಪಿಂಚಣಿ ಸುಧಾರಣೆಗೆ ಹೊರಟಾಗ ದೆಸೂಸ್ ಮೇ ತಿಂಗಳಲ್ಲಿ ಸರ್ಕಾರದಿಂದ ಹೊರಬಂದಿತು. ಜೂನ್‌ನ ಜನಮತಗಣನೆಯಲ್ಲಿ ಶೇ 72ರಷ್ಟು ಜನ ಸುಧಾರಣೆಯನ್ನು ತಿರಸ್ಕರಿಸಿದರು. ಮರುವರ್ಷ ಎಲ್ಲರೊಂದಿಗೂ ಕುಳಿತು ಮಾತನಾಡಿ ಮಾಡಿದ ಹೊಸ ಕಾನೂನು ಒಂದು ವಿರೋಧ ಮತವೂ ಇಲ್ಲದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ನನ್ನ ತರಗತಿಗಳಲ್ಲಿ ಇದನ್ನು ಹೇಳಲು ನನಗೆ ಬಹಳ ಇಷ್ಟವಿತ್ತು. ಹಿರಿಯರನ್ನು ಕೇಳದೆ ಮಾಡಿದ್ದು ಬಿದ್ದಿತು, ಕೇಳಿ ಮಾಡಿದ್ದು ನಿಂತಿತು.

ಆ ಪಕ್ಷವೂ ಕೊನೆಗೆ ಖುರ್ಚಿಯ ಜಗಳದಲ್ಲಿ ಸವೆಯಿತು. 2022ರಲ್ಲಿ ಶೇ 1 ಮತವೂ ಬರಲಿಲ್ಲ. ಅಲ್ಲಿ ಶೇ 4ರ ಹೊಸ್ತಿಲು ಇದೆ.

ಇಸ್ರೇಲ್‌ನದು ಇನ್ನೂ ಬೇಗ ಮುಗಿದ ಕಥೆ. 2006ರಲ್ಲಿ ಗಿಲ್ ಎಂಬ ಪಿಂಚಣಿದಾರರ ಪಕ್ಷ 120ರಲ್ಲಿ 7 ಸ್ಥಾನ ಗೆದ್ದಿತು. ನಾಯಕ ರಫಿ ಐತಾನ್, 1960ರಲ್ಲಿ ಅರ್ಜೆಂಟೀನಾದಿಂದ ನಾಜಿ ಅಧಿಕಾರಿ ಐಖ್‌ಮನ್‌ನನ್ನು ಹಿಡಿದು ತಂದ ಗೂಢಚಾರ ತಂಡವನ್ನು ಮುನ್ನಡೆಸಿದವರು. ದೊಡ್ಡ ಪಕ್ಷಗಳ ಮೇಲೆ ಬೇಸತ್ತ ಟೆಲ್ ಅವೀವ್‌ನ ಯುವಕರೂ ಅದಕ್ಕೆ ಮತ ಹಾಕಿದ್ದರು. 2009ರಲ್ಲಿ ಸೊನ್ನೆ. ಸಿಟ್ಟಿಗೆ ಹಾಕಿದ ಮತ ಮರಳಿ ಬರುವುದಿಲ್ಲ.

ಐಂಡ್‌ಹೋವನ್‌ನವರೇ, ನಿಮ್ಮ ಮಾತಿಗೆ ಅರ್ಧ ಒಪ್ಪುತ್ತೇನೆ. ಬೇಕಾದ ದಿನ ಅಲ್ಲಿರಬೇಕು, ನಿಜ. ಆದರೆ ಯಾರ ಪರವಾಗಿ? ನಿನ್ನೆ ಯಜಮಾನರು ನನ್ನ ಪಿಂಚಣಿಯನ್ನೂ ತಮ್ಮ ಪಿಂಚಣಿಯನ್ನೂ ಎದುರುಬದುರು ಇಟ್ಟ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾಳೆ ಇಲ್ಲಿ ಅಂಥ ಪಕ್ಷ ಹುಟ್ಟಿದರೆ, ಅದರ ವೇದಿಕೆಯ ಮೇಲೆ ಕೂರುವವರು ನನ್ನಂಥವರು. ಬರೆಯಬಲ್ಲವರು, ಓಡಾಡಲು ದುಡ್ಡಿರುವವರು. ಸಾವಿರದ ಪಿಂಚಣಿಯವರು ಸಭೆಗೆ ಕುರ್ಚಿ ಹಾಕುವವರಾಗುತ್ತಾರೆ. ಇದು ನನಗೆ ಭಯ.

ಹೇಗ್ ವಾಸಿ | ನ. 3, ರಾತ್ರಿ 10.05

ಮೇಡಂ, ಆ ಭಯ ಇಲ್ಲಿ ಕಣ್ಣೆದುರಿಗೇ ಇದೆ.

ಹೇಗ್‌ನಲ್ಲಿ ಸುರಿನಾಮಿನಿಂದ ಬಂದ ಹಿಂದೂಸ್ತಾನಿಗಳು ಬಹಳ. ಇವರ ಹಿರಿಯರು 1873ರಿಂದ ಉತ್ತರ ಭಾರತದಿಂದ ಹಡಗಿನಲ್ಲಿ ಹೋದ ಕರಾರು ಕೂಲಿಗಳು. ಸುರಿನಾಮ್ 1975ರ ನವೆಂಬರ್‌ವರೆಗೆ ಡಚ್ ಸಾಮ್ರಾಜ್ಯದೊಳಗೇ ಇತ್ತು. ಸ್ವಾತಂತ್ರ್ಯದ ಹೊತ್ತಿಗೆ ಅನೇಕರು ಡಚ್ ಪಾಸ್‌ಪೋರ್ಟ್ ಹಿಡಿದೇ ಇಲ್ಲಿಗೆ ಬಂದರು. ಆದರೆ ಎಒಡಬ್ಲ್ಯು ಪೂರ್ಣ ಸಿಗಬೇಕಾದರೆ ಪಿಂಚಣಿ ವಯಸ್ಸಿಗೆ ಮುಂಚಿನ 50 ವರ್ಷವೂ ಇಲ್ಲಿ ನೆಲೆಸಿರಬೇಕು. ವರ್ಷಕ್ಕೆ ಶೇ 2ರಂತೆ ಅದು ಕೂಡುತ್ತಾ ಹೋಗುತ್ತದೆ. ಸುರಿನಾಮಿನಲ್ಲಿ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂವತ್ತನೆಯ ವಯಸ್ಸಿಗೆ ಬಂದವರಿಗೆ 15 ವರ್ಷ ಖೋತಾ, ಅಂದರೆ ಶೇ 30 ಕಡಿಮೆ, ಸಾಯುವವರೆಗೆ. ದಶಕಗಳ ಕಾಲ ಅವರ ಸಂಘಟನೆಗಳು ಬಾಗಿಲು ತಟ್ಟಿದ ಮೇಲೆ ಒಂದು ಬಾರಿಯ 5,000 ಯೂರೋ ಕೊಡಲು ಸರ್ಕಾರ ಒಪ್ಪಿತು. ನಾನು ಆರೈಕೆ ಮಾಡುವ ಮನೆಯ ಅಜ್ಜ ಅದನ್ನು ಓದಿ ಕಾಗದ ಮಡಿಸಿಟ್ಟರು. ಒಂದೂ ಮಾತನಾಡಲಿಲ್ಲ.

ಸ್ವಂತ ಮನೆ, ಎರಡನೇ ಮೆಟ್ಟಿಲಿನ ಒಳ್ಳೆಯ ಪಿಂಚಣಿ ಇರುವ ಹಿರಿಯರ ಬೇಡಿಕೆ, ಆ ನಿಧಿಯ ಏರಿಕೆ. ಬಾಡಿಗೆ ಮನೆಯಲ್ಲಿ ಬರೀ ಮೂಲ ಪಿಂಚಣಿಯಲ್ಲಿ, ಅದೂ ಅರೆಬರೆಯಾದದ್ದರಲ್ಲಿ ಬದುಕುವವರ ಬೇಡಿಕೆ ಬೇರೆ. ಹಿರಿಯರ ಪಕ್ಷದ ಗಟ್ಟಿ ದನಿಯಲ್ಲಿ ನನಗೆ ಹೆಚ್ಚಾಗಿ ಕೇಳಿಸಿದ್ದು ಮೊದಲನೆಯದು.

ನಮ್ಮ ಕನ್ನಡದವರೂ ಇದನ್ನು ತಿಳಿದಿರಬೇಕು. ಮೂವತ್ತು ದಾಟಿದ ಮೇಲೆ ಬಂದ ನಮ್ಮೆಲ್ಲರ ಎಒಡಬ್ಲ್ಯುನಲ್ಲೂ ಇಂಥದ್ದೇ ತೂತು ಇದೆ. ಕಡಿಮೆ ಬಿದ್ದವರಿಗೆ ಎಐಒ ಎಂಬ ಪೂರಕ ನೆರವು ಉಂಟು. ಆದರೆ ಅದನ್ನು ಪಡೆಯುವವರು ವರ್ಷಕ್ಕೆ 13 ವಾರಕ್ಕಿಂತ ಹೆಚ್ಚು ಹೊರದೇಶದಲ್ಲಿ ಇರುವಂತಿಲ್ಲ. ಊರಿನಲ್ಲಿರುವ ಮನೆ, ಜಮೀನು ಕೂಡ ಆಸ್ತಿಯ ಲೆಕ್ಕಕ್ಕೆ ಬರುತ್ತದೆ.

ಐಂಡ್‌ಹೋವನ್‌ನಿಂದ | ನ. 3, ರಾತ್ರಿ 11.30

ಅಕ್ಕ, ನಿಮ್ಮ ಬರಹ ಓದಿ ನನ್ನದೇ ಲೆಕ್ಕ ತೆಗೆದೆ. 33ಕ್ಕೆ ಬಂದವನು. ನನ್ನ ಸರದಿಗೆ ಪಿಂಚಣಿ ವಯಸ್ಸು 68 ಆಗಿರುತ್ತದೆ ಎಂದಿಟ್ಟುಕೊಂಡರೆ 35 ವರ್ಷ, ಶೇ 70. ಅದೂ ಕೊನೆಯವರೆಗೆ ಇಲ್ಲೇ ಉಳಿದರೆ.

ಮತ್ತೊಂದು ವಿಷಯ ಹೇಳಿಕೊಳ್ಳಬೇಕು. ಸಂಬಳದ ಮೊದಲ ಹಂತದ ಆದಾಯದಲ್ಲಿ ಶೇ 17.9 ಎಒಡಬ್ಲ್ಯು ವಂತಿಗೆಯಾಗಿ ನನ್ನಿಂದ ಹೋಗುತ್ತದೆ. ಅದೇ ಹಣ ಇಂದಿನ ಪಿಂಚಣಿದಾರರಿಗೆ ಹಂಚಿಕೆಯಾಗುತ್ತದೆ. ನಾನು ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಊರಿನ ಪುರಸಭೆಗೆ ಮತ ಹಾಕಬಹುದು, ಸಂಸತ್ತಿಗೆ ಹಾಕುವಂತಿಲ್ಲ. ಪಿಂಚಣಿ ಪಡೆಯುವವರು ಆ ವಂತಿಗೆ ಕಟ್ಟುವುದಿಲ್ಲ, ಆದರೆ ಮತ ಹಾಕುತ್ತಾರೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಹಿರಿಯರ ಪಕ್ಷದ ಮೇಲೆ ಒಂದೊಂದು ದಿನ ಸಿಟ್ಟು ಬರುತ್ತದೆ. ನನ್ನ ಪಕ್ಕದ ಮನೆಯ ಮುದುಕ ದಂಪತಿ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬರುವುದನ್ನು ಕಂಡಾಗ ಸಿಟ್ಟು ಉಳಿಯುವುದಿಲ್ಲ. ನಾನು ಬಂದ ಮೊದಲ ಚಳಿಗಾಲದಲ್ಲಿ ಹೀಟರ್ ಕೆಟ್ಟಾಗ ಅವರೇ ಕರೆದು ಮನೆಯಲ್ಲಿ ಮಲಗಿಸಿದ್ದರು. ಅವರಿಗೆ ಕೊಡುವ ಹಣ ಎಂದು ಯೋಚಿಸಿದರೆ ಶೇ 17.9 ಭಾರ ಅನಿಸುವುದಿಲ್ಲ.

ಕೊಪ್ಪಳದ ನೌಕರ | ನ. 4, ಬೆಳಿಗ್ಗೆ 7.20

ನನ್ನ ತಾಯಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಬರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತದಾನ ಎಂದು ನಮ್ಮ ರಾಜ್ಯದಲ್ಲಿ ಮೊದಲ ಬಾರಿ ಮಾಡಿದಾಗ, ಚುನಾವಣಾ ಸಿಬ್ಬಂದಿ ಪೆಟ್ಟಿಗೆ ಹಿಡಿದು ಅವಳ ಮಂಚದ ಹತ್ತಿರವೇ ಬಂದಿದ್ದರು. ಅವಳು ಸೀರೆ ಬದಲಿಸಿ, ತಲೆ ಬಾಚಿಕೊಂಡು ಕಾದಿದ್ದಳು. ಮತ ಕೇಳಲು ಮನೆಯ ತನಕ ಬರಬಲ್ಲವರು ಪಿಂಚಣಿ ತಡವಾದ ತಿಂಗಳು ಏಕೆ ಬರುವುದಿಲ್ಲ ಎಂದು ಅನಂತರ ಕೇಳಿದಳು. ನಾನು ಸರ್ಕಾರಿ ನೌಕರ, ನನ್ನಲ್ಲಿ ಉತ್ತರವಿರಲಿಲ್ಲ.

ಗಿರಣಿ ಕಾರ್ಮಿಕ, ದಾವಣಗೆರೆ | ನ. 4, ಬೆಳಿಗ್ಗೆ 10.10

ಎಲ್ಲವನ್ನೂ ಓದಿಸಿಕೊಂಡೆ. ಸುರಿನಾಮಿನ ಅಜ್ಜನ ಮಾತು ಮನಸ್ಸಿನಲ್ಲಿ ಕುಳಿತಿದೆ.

ಮೈಸೂರಿನ ಅಮ್ಮನವರಿಗೆ ಒಂದು ಮಾತು. ಕುರ್ಚಿ ಹಾಕುವುದಕ್ಕೆ ನಮಗೆ ಬೇಸರವಿಲ್ಲ. ಗಿರಣಿಯಲ್ಲಿ ಯೂನಿಯನ್ ಇದ್ದಾಗ ನಾನೇ ಜಮಖಾನ ಹಾಸುತ್ತಿದ್ದೆ. ಹಾಸಿದ ಮೇಲೆ ಅದೇ ಜಮಖಾನದ ಮೇಲೆ ಕುಳಿತು ಮ್ಯಾನೇಜರನ ಎದುರು ಮಾತನಾಡಿದ್ದೂ ನಾನೇ. ಆಗ ಯಾರೂ ತಡೆಯಲಿಲ್ಲ. ನಿಮ್ಮಂಥವರು ಬರೆಯಿರಿ, ಓಡಾಡಿ. ಮೊದಲ ಬೇಡಿಕೆ ಮಾತ್ರ ನಮ್ಮದಿರಲಿ. ಹತ್ತು ಸಾವಿರ ಬರುವವನ ಹನ್ನೊಂದನೇ ಸಾವಿರಕ್ಕಿಂತ ಮೊದಲು, ಸಾವಿರ ಬರುವವನ ಎರಡನೇ ಸಾವಿರ. ಅಷ್ಟು ಬರೆದಿಟ್ಟ ಪಕ್ಷವಾದರೆ ನನ್ನ ಮತ ಅದಕ್ಕೆ. ಠೇವಣಿ ಹೋದರೂ ಸರಿ.

ಇನ್ನೊಂದು ವಿಷಯಕ್ಕೆ ಯಾರಾದರೂ ದಾರಿ ತೋರಿಸಿ. ಈ ತಿಂಗಳು ನನ್ನ ಜೀವಂತ ಪ್ರಮಾಣಪತ್ರ ಕೊಡಬೇಕು. ಇಪ್ಪತ್ತು ವರ್ಷ ನೂಲು ಎಳೆದ ಬೆರಳುಗಳು, ಗೆರೆಗಳೇ ಇಲ್ಲ. ಯಂತ್ರ ಪ್ರತಿ ಸಲ ಬೇಡ ಎನ್ನುತ್ತದೆ. ಕಳೆದ ವರ್ಷ ಮೂರು ದಿನ ಅಲೆದಿದ್ದೆ.

ನಿವೃತ್ತ ಉಪನ್ಯಾಸಕಿ, ಮೈಸೂರು | ನ. 4, ಬೆಳಿಗ್ಗೆ 10.35

ಯಜಮಾನರೇ, ಬೆರಳಚ್ಚು ಬೇಕಾಗಿಲ್ಲ. ಮುಖ ಗುರುತಿಸುವ ವಿಧಾನ ಬಂದು ಕೆಲವು ವರ್ಷಗಳಾದವು, ಇಪಿಎಸ್ ಪಿಂಚಣಿಗೂ ನಡೆಯುತ್ತದೆ. ಮೊಮ್ಮಗಳ ಮೊಬೈಲಿನಲ್ಲಿ ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎಂಬ ಎರಡು ಆ್ಯಪ್ ಹಾಕಿಸಿ. ಆಧಾರ್ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಹತ್ತಿರ ಇಟ್ಟುಕೊಳ್ಳಿ. ಬೆಳಕಿಗೆ ಮುಖ ಮಾಡಿ ಕುಳಿತು, ಆ್ಯಪ್ ಹೇಳಿದಾಗ ಕಣ್ಣು ಮಿಟುಕಿಸಬೇಕು. ನಾನು ನಿನ್ನೆಯಷ್ಟೇ ನನ್ನದನ್ನು ಹೀಗೆ ಮುಗಿಸಿದೆ. ಎಲ್ಲಿಯಾದರೂ ತೊಡಕಾದರೆ ಇಲ್ಲೇ ಬರೆಯಿರಿ, ಹಂತಹಂತವಾಗಿ ಹೇಳುತ್ತೇನೆ.

ಮೊದಲ ಬೇಡಿಕೆಯ ಬಗ್ಗೆ ನೀವು ಹೇಳಿದ್ದನ್ನು ನಾನು ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ನಮ್ಮ ನಿವೃತ್ತರ ಸಂಘದ ಸಭೆ ಇದೇ ಭಾನುವಾರ ಇದೆ. ಓದಿ ಹೇಳುತ್ತೇನೆ.

ಹೇಗ್ ವಾಸಿ | ನ. 4, ಮಧ್ಯಾಹ್ನ 2.50

ಐಂಡ್‌ಹೋವನ್‌ನ ತಮ್ಮನಿಗೆ: ಶನಿವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಸುರಿನಾಮಿ ಹಿರಿಯರಿಗೆ ಎಐಒ ಅರ್ಜಿ ತುಂಬಿಸಲು ಕೂರುತ್ತೇವೆ. ಡಚ್ ಓದಿ ಲೆಕ್ಕ ಹಾಕಬಲ್ಲವರು ಒಬ್ಬರು ಕಡಿಮೆ ಇದ್ದಾರೆ. ಹತ್ತು ಗಂಟೆಗೆ ಬರಲಾಗುತ್ತದೆಯೇ?

ಐಂಡ್‌ಹೋವನ್‌ನಿಂದ | ನ. 4, ಮಧ್ಯಾಹ್ನ 3.15

ಬರುತ್ತೇನೆ, ಅಕ್ಕ. ಬೆಳಗಿನ ಮೊದಲ ರೈಲಿಗೇ ಹೊರಡುತ್ತೇನೆ.

ಗಿರಣಿ ಕಾರ್ಮಿಕ, ದಾವಣಗೆರೆ | ನ. 5, ಬೆಳಿಗ್ಗೆ 8.40

ಜಗುಲಿಯಲ್ಲಿ ಬಿಸಿಲಿಗೆ ಮುಖ ಮಾಡಿ ಕುಳಿತೆ. ಎರಡು ಸಲ ತಪ್ಪಿತು, ಕನ್ನಡಕ ತೆಗೆದ ಮೇಲೆ ಮೂರನೇ ಸಲಕ್ಕೆ ಆಯಿತು. ನಾನು ಬದುಕಿದ್ದೇನೆ ಎಂದು ಸರ್ಕಾರಕ್ಕೆ ಗೊತ್ತಾಗಿದೆ. ಪಕ್ಕದ ಓಣಿಯಲ್ಲಿ ನಮ್ಮ ಗಿರಣಿಯವರೇ ಇನ್ನೂ ನಾಲ್ವರು ಇದ್ದಾರೆ, ಅವರನ್ನೂ ಕರೆಸಿದ್ದೇನೆ. ಮೊಮ್ಮಗಳು ಕಾಲೇಜಿಗೆ ಹೋಗುವಷ್ಟರಲ್ಲಿ ಅವರದನ್ನೂ ಮುಗಿಸಬೇಕು.